ಪಕ್ಕ ಪಕ್ಕ ಕೂತು ಉಂಡವರು

ಇವರಿಗೆ ಮಂಡಿ ನೋವು ಇಲ್ಲದೇ ಹೋಗಿದ್ದರೆ ನಾವು ಇಟಲಿಯನ್ನು ಹತ್ತು ದಿನದಲ್ಲಿ ಮುಗಿಸಿ ಬರುತ್ತಿದ್ದೆವು. ವೆನಿಸ್ ಒಂದು ದಿನ, ಫ್ಲಾರೆನ್ಸ್ ಒಂದು ದಿನ, ಪೀಸಾದ ವಾಲಿದ ಗೋಪುರದ ಮುಂದೆ ಒಂದು ಗಂಟೆ. ಟೂರಿನವರು ಕೊಟ್ಟ ಪಟ್ಟಿ ಹಾಗಿತ್ತು. ದಿನಾ ಬೆಳಗ್ಗೆ ಆರಕ್ಕೆ ಎದ್ದು ಪೆಟ್ಟಿಗೆ ಕಟ್ಟಿ ಬಸ್ಸು ಹತ್ತುವುದು ಈ ಕಾಲಿಗೆ ಆಗುವ ಮಾತಲ್ಲ ಅಂದರು ಡಾಕ್ಟರು. "ನಿಧಾನಕ್ಕೆ ಎಷ್ಟು ಬೇಕಾದರೂ ನಡೀರಿ. ಆದರೆ ಓಡಬೇಡಿ." ಆ ಮಾತನ್ನೇ ಹಿಡಿದುಕೊಂಡು ಪಟ್ಟಿಯನ್ನು ಪಕ್ಕಕ್ಕಿಟ್ಟೆವು. ಮೂರು ವಾರ, ಮೂರು ಊರು. ರೋಮ್, ಓರ್ವಿಯೆತೊ, ವೊಲ್ತೆರ್ರಾ. ಅಲ್ಲಿಂದ ಹತ್ತಿರದಲ್ಲಿ ಏನಾದರೂ ಇದ್ದರೆ ಬೆಳಗ್ಗೆ ಹೋಗಿ ಸಂಜೆ ಬರುವುದು.

ಮದುವೆಯಾಗಿ 34 ವರ್ಷ. ಇಷ್ಟು ದಿನ ನಾವಿಬ್ಬರೇ ಒಟ್ಟಿಗೆ ಇದ್ದದ್ದು ಇದೇ ಮೊದಲು. ಇವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಚಿತ್ರದುರ್ಗ, ರಾಯಚೂರು, ಮಂಡ್ಯ ಅಂತ ವರ್ಗ ಆಗುತ್ತಲೇ ಇತ್ತು. ಮನೆಯಲ್ಲಿ ಅತ್ತೆ, ಮಾವ, ಮಕ್ಕಳು, ಆಗಾಗ ಬಂದು ಹೋಗುವ ನೆಂಟರು. ಮಾತಾಡಬೇಕಾದ್ದನ್ನೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತೇ ಮಾತಾಡಿದ್ದೇವೆ ಅನ್ನಿಸುತ್ತದೆ ನನಗೆ.

ರೋಮಿನಲ್ಲಿ ಮೊದಲ ಎರಡು ದಿನ ಎಲ್ಲರೂ ನೋಡುವುದನ್ನು ನೋಡಿದೆವು. ಕೊಲೊಸಿಯಮ್ಮಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವುದಿಲ್ಲ. ಫೋರಮ್ಮಿನ ಕಲ್ಲುಗಳ ಮಧ್ಯೆ ಇವರು ಒಂದು ಮಾತು ನೆನಪಿಸಿದರು. ಚಿತ್ರದುರ್ಗದಲ್ಲಿದ್ದಾಗ ಭಾನುವಾರ ಚಂದ್ರವಳ್ಳಿ ಕೆರೆ ಕಡೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ಅಗೆದಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ, ಟೈಬೀರಿಯಸ್ ಚಕ್ರವರ್ತಿಯ ಕಾಲದ್ದು. "ಆ ನಾಣ್ಯ ಇಲ್ಲಿಂದ ಅಲ್ಲಿಗೆ ಬಂತು. ನಾವು ಅಲ್ಲಿಂದ ಇಲ್ಲಿಗೆ ಬಂದ್ವಿ" ಅಂದರು. ಇವರು ಹೀಗೆ ಮಾತಾಡುವುದು ಅಪರೂಪ.

ಮೂರನೇ ದಿನ ಮಳೆ. ಹೊರಗೆ ತಿರುಗುವ ಹಾಗಿರಲಿಲ್ಲ. ವಿಲ್ಲಾ ಜೂಲಿಯಾ ಅನ್ನೋ ಮ್ಯೂಸಿಯಮ್ಮಿಗೆ ಹೋದೆವು. 1550ರ ದಶಕದಲ್ಲಿ ಮೂರನೇ ಜೂಲಿಯಸ್ ಅನ್ನುವ ಪೋಪ್‌ಗಾಗಿ ಕಟ್ಟಿದ ಬಂಗಲೆ ಅದು. ಈಗ ಎಟ್ರಸ್ಕನ್ನರ ವಸ್ತುಗಳನ್ನು ಅಲ್ಲಿ ಇಟ್ಟಿದ್ದಾರೆ. ಎಟ್ರಸ್ಕನ್ನರು ಅಂದರೆ ರೋಮ್ ದೊಡ್ಡದಾಗುವುದಕ್ಕೆ ಮೊದಲು ಟೈಬರ್ ಮತ್ತು ಆರ್ನೊ ನದಿಗಳ ನಡುವಿನ ಗುಡ್ಡಗಳ ಮೇಲೆ ಊರು ಕಟ್ಟಿಕೊಂಡಿದ್ದ ಜನ. ಈಗಿನ ತೊಸ್ಕಾನಾ ಸೀಮೆಯ ಹೆಸರು ಅವರಿಂದಲೇ ಬಂದದ್ದು. ರೋಮ್ ಅವರ ಊರುಗಳನ್ನು ಒಂದೊಂದಾಗಿ ನುಂಗಿತು. ಅವರ ಲಿಪಿಯನ್ನು ಇವತ್ತೂ ಓದಬಹುದು. ಭಾಷೆ ಮಾತ್ರ ಅಲ್ಲಲ್ಲಿ ಅಷ್ಟೇ ಅರ್ಥವಾಗುತ್ತದೆ.

ಒಂದು ಕೋಣೆಯ ಮಧ್ಯದಲ್ಲಿ ಗಂಡ ಹೆಂಡತಿ ಒರಗಿ ಕೂತಿದ್ದರು. ಸುಟ್ಟ ಮಣ್ಣಿನವರು. ಹೆಚ್ಚುಕಮ್ಮಿ ನಮ್ಮಷ್ಟೇ ದೊಡ್ಡವರು. ಕ್ರಿ.ಪೂ. 520ರ ಸುಮಾರಿಗೆ ಚೆರ್ವೆತೆರಿ ಅನ್ನುವ ಊರಿನಲ್ಲಿ ಮಾಡಿದ್ದು. 1881ರಲ್ಲಿ ಸಿಕ್ಕಾಗ ಸುಮಾರು 400 ಚೂರುಗಳಾಗಿತ್ತಂತೆ. ಜೋಡಿಸಿ ಕೂರಿಸಿದ್ದಾರೆ. ಒಂದೇ ಮಂಚ. ಅವಳು ಮುಂದೆ, ಅವನು ಅವಳ ಹಿಂದೆ. ಅವನ ಒಂದು ಕೈ ಅವಳ ಹೆಗಲ ಮೇಲಿದೆ, ಇನ್ನೊಂದು ಅಂಗೈ ತೆರೆದಿದೆ. ಅವಳ ತಲೆ ಮೇಲೊಂದು ಟೋಪಿ, ಕಾಲಿಗೆ ಚೂಪು ಮೂತಿಯ ಚಪ್ಪಲಿ. ಅವನು ಬರಿಗಾಲಲ್ಲಿದ್ದಾನೆ. ಇಬ್ಬರ ತುಟಿಯಲ್ಲೂ ಒಂದೇ ಥರದ ನಗು. ಅವಳ ಎರಡು ಕೈಯೂ ಏನೋ ಕೆಲಸದಲ್ಲಿವೆ. ಬೆರಳು ಮಡಚಿದ ರೀತಿ ನೋಡಿದರೆ ಏನೋ ಹಿಡಿದಿದ್ದಳು ಅಂತ ಗೊತ್ತಾಗುತ್ತದೆ. ಹಿಡಿದದ್ದು ಮಾತ್ರ ಈಗಿಲ್ಲ. ಅತ್ತರಿನ ಕುಪ್ಪಿ ಇದ್ದಿರಬಹುದು, ದಾಳಿಂಬೆ ಇದ್ದಿರಬಹುದು ಅಂತ ತಿಳಿದವರು ಹೇಳುತ್ತಾರೆ.

ಇದು ಸತ್ತವರ ಬೂದಿ ಇಡುವ ಪೆಟ್ಟಿಗೆ. ಆದರೆ ಮುಖದಲ್ಲಿ ಸಾವಿನ ಸುಳಿವೇ ಇಲ್ಲ. ಊಟಕ್ಕೆ ಕೂತಿದ್ದಾರೆ ಅವರು. ಆ ಕಾಲದಲ್ಲಿ ಔತಣ ಅಂದರೆ ಹಾಗೆ ಒರಗಿಕೊಂಡು ಉಣ್ಣುವುದು. ಗ್ರೀಕರಲ್ಲೂ ಆ ಪದ್ಧತಿ ಇತ್ತು. ಆದರೆ ಅಲ್ಲಿ ಹೆಂಡತಿ ಆ ಕೋಣೆಗೆ ಬರುತ್ತಿರಲಿಲ್ಲ. ಎಟ್ರಸ್ಕನ್ ಹೆಂಗಸರು ಗಂಡಸರ ಜೊತೆ ಕೂತು ಉಣ್ಣುತ್ತಾರೆ, ಕುಡಿಯುತ್ತಾರೆ ಅಂತ ಥಿಯೊಪೊಂಪಸ್ ಅನ್ನೋ ಗ್ರೀಕ್ ಚರಿತ್ರೆಕಾರ ದೊಡ್ಡ ದೂರಿನ ಥರ ಬರೆದಿಟ್ಟಿದ್ದಾನೆ. ಅವನಿಗೆ ಅದು ನಾಚಿಕೆಗೇಡು ಅನ್ನಿಸಿತ್ತು.

ನಾನು ಆ ಜೋಡಿಯ ಸುತ್ತ ನಾಲ್ಕು ಸಲ ಬಂದೆ. ಇವರು ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದರು. ಹೋಗೋಣ ಅಂತ ಒಂದು ಸಲವೂ ಅನ್ನಲಿಲ್ಲ.

ಮರುದಿನ ರೈಲು ಹತ್ತಿ ತಾರ್ಕ್ವೀನಿಯಾಕ್ಕೆ ಹೋಗಿದ್ದು ಆ ಜೋಡಿಯಿಂದಾಗಿಯೇ. ಊರ ಹೊರಗಿನ ದಿಬ್ಬದ ಮೇಲೆ ಸುಮಾರು 6000 ಗೋರಿಗಳಿವೆ. ನೆಲದೊಳಗೆ ಬಂಡೆ ಕೊರೆದು ಮಾಡಿದ ಕೋಣೆಗಳು. ಅದರಲ್ಲಿ 200ರಷ್ಟರಲ್ಲಿ ಗೋಡೆಗೆ ಚಿತ್ರ ಬರೆದಿದ್ದಾರೆ. ಜನರಿಗೆ ತೆರೆದಿರುವುದು ಕೆಲವು ಮಾತ್ರ. ಮೆಟ್ಟಿಲಿಳಿದು ಹೋದರೆ ಗಾಜಿನ ಬಾಗಿಲು. ಗುಂಡಿ ಒತ್ತಿದರೆ ಒಳಗೆ ಸ್ವಲ್ಪ ಹೊತ್ತು ದೀಪ ಹತ್ತುತ್ತದೆ, ಆಮೇಲೆ ತಾನೇ ಆರಿಹೋಗುತ್ತದೆ. ಚಿರತೆಗಳ ಗೋರಿ ಅಂತ ಒಂದಿದೆ. ಮೇಲೆ ಎರಡು ಚಿರತೆ ಎದುರುಬದುರು ನಿಂತಿವೆ. ಕೆಳಗೆ ಗಂಡು ಹೆಣ್ಣು ಮಂಚಗಳ ಮೇಲೆ ಒರಗಿ ಉಣ್ಣುತ್ತಿದ್ದಾರೆ. ಗಂಡಸರಿಗೆ ಕೆಂಗಂದು ಬಣ್ಣ, ಹೆಂಗಸರಿಗೆ ತೆಳು ಬಣ್ಣ. ಒಬ್ಬ ಕೈಯಲ್ಲಿ ಮೊಟ್ಟೆ ಎತ್ತಿ ಹಿಡಿದಿದ್ದಾನೆ. ಪಕ್ಕದ ಗೋಡೆಯಲ್ಲಿ ಕೊಳಲು ಊದುವವರು ನಡೆದು ಬರುತ್ತಿದ್ದಾರೆ. ದೀಪ ಆರಿದಾಗಲೆಲ್ಲ ಇವರು ಮತ್ತೆ ಗುಂಡಿ ಒತ್ತಿದರು. ಆ ಕತ್ತಲು ಬೆಳಕಿನಲ್ಲಿ ನನಗೆ ಅಮ್ಮ ನೆನಪಾದಳು.

ನನ್ನ ತವರು ಸಾಗರದ ಕಡೆ ಒಂದು ಅಡಿಕೆ ತೋಟದ ಮನೆ. ಅಮ್ಮ ಯಾವತ್ತೂ ಅಪ್ಪಯ್ಯನ ಜೊತೆ ಕೂತು ಉಂಡವಳಲ್ಲ. ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಕೆಲಸಕ್ಕೆ ಬಂದವರು. ಎಲ್ಲ ಮುಗಿದ ಮೇಲೆ ಒಲೆ ಪಕ್ಕ ಕೂತು ಉಳಿದದ್ದನ್ನು ಉಣ್ಣುವಳು. ಅದು ಕಷ್ಟ ಅಂತ ಅವಳು ಹೇಳಲಿಲ್ಲ, ಅದು ತಪ್ಪು ಅಂತ ಯಾರಿಗೂ ಅನ್ನಿಸಲಿಲ್ಲ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಮಾತ್ರ ಅವಳು ಜಗಲಿಗೆ ಬರುತ್ತಿದ್ದಳು. ಅಪ್ಪಯ್ಯ ಕವಳದ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದರು. ಕೈಗೆಟಕುವ ಹಾಗಿದ್ದರೂ ತಾವೇ ಹಾಕಿಕೊಳ್ಳುತ್ತಿರಲಿಲ್ಲ. ಅಮ್ಮ ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ತೆಗೆದು, ಹೆಬ್ಬೆರಳಲ್ಲಿ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಚಿ ಕೊಡುವಳು. ಆ ಹತ್ತು ನಿಮಿಷ ಇಬ್ಬರೂ ಒಂದೇ ಚಾಪೆ ಮೇಲೆ ಇರುತ್ತಿದ್ದರು. ಏನು ಮಾತಾಡುತ್ತಿದ್ದರೋ ನಮಗೆ ಕೇಳಿಸುತ್ತಿರಲಿಲ್ಲ.

ನಾನೂ ಅಮ್ಮನ ಹಾಗೇ ಬದುಕಿದೆ. ಯಾರೂ ಬಲವಂತ ಮಾಡಲಿಲ್ಲ. ಬಡಿಸುವುದು ಅಭ್ಯಾಸವಾಗಿಬಿಟ್ಟಿತ್ತು ಅಷ್ಟೇ.

ರೋಮಿನಿಂದ ಓರ್ವಿಯೆತೊಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ದಾರಿ. ಊರು ಸ್ಟೇಷನ್ನಿನ ತಲೆ ಮೇಲೆ, ಒಂದು ಚಪ್ಪಟೆ ಬಂಡೆಯ ಮೇಲೆ ಕೂತಿದೆ. ಸುತ್ತಲೂ ಕಡಿದಾದ ಪ್ರಪಾತ. ಆ ಬಂಡೆಗೆ ತೂಫೊ ಅನ್ನುತ್ತಾರೆ. ಅಗ್ನಿಪರ್ವತ ಉಗುಳಿದ ಬೂದಿ ಲಕ್ಷಾಂತರ ವರ್ಷದ ಹಿಂದೆ ಕೂತು ಗಟ್ಟಿಯಾದದ್ದು. ಕೈಯಲ್ಲಿ ಉಜ್ಜಿದರೆ ಹಳದಿ ಪುಡಿ ಉದುರುತ್ತದೆ. ಹಗ್ಗದ ರೈಲು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದಿಂದ ನಡೆಯುತ್ತಿತ್ತು. ಮೇಲಿನ ಡಬ್ಬಿಗೆ ನೀರು ತುಂಬಿದರೆ ಅದು ಕೆಳಗಿಳಿಯುತ್ತಾ ಇನ್ನೊಂದನ್ನು ಮೇಲೆ ಎಳೆಯುತ್ತದೆ. ಈಗ ಕರೆಂಟಿನದು. ಇವರು ಅದನ್ನು ನೋಡುವುದಕ್ಕೇ ಒಂದು ಸಂಜೆ ಕೊಟ್ಟರು.

ಅಲ್ಲಿ ಎಂಟು ರಾತ್ರಿ ಇದ್ದೆವು. ಒಂದು ಕೋಣೆ, ಒಂದು ಚಿಕ್ಕ ಅಡುಗೆಮನೆ, ಹಂಚಿನ ಮಾಡುಗಳ ಕಡೆ ತೆರೆಯುವ ಒಂದು ಕಿಟಕಿ. ಮನೆ ಕೊಟ್ಟ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇವರು ಮೆಟ್ಟಿಲು ಹತ್ತುವುದನ್ನು ನೋಡಿ "ಪಿಯಾನೊ, ಪಿಯಾನೊ" ಅಂದಳು. ನಿಧಾನ, ನಿಧಾನ. ಮೆಲ್ಲಗೆ ಹೋದವನು ಸುಖವಾಗಿಯೂ ಹೋಗುತ್ತಾನೆ, ದೂರವೂ ಹೋಗುತ್ತಾನೆ ಅಂತ ಅವರಲ್ಲೊಂದು ಗಾದೆ ಇದೆ. ನಮ್ಮ ನಿಧಾನವೇ ಪ್ರಧಾನ ಇದ್ದ ಹಾಗೆ.

ಇವರಿಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಸಂತ ಪ್ಯಾಟ್ರಿಕ್ಕನ ಬಾವಿ. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ದಂಡು ರೋಮನ್ನು ಸೂರೆ ಮಾಡಿತು. ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಓರ್ವಿಯೆತೊಗೆ ಬಂದ. ಈ ಬಂಡೆಯನ್ನು ಹತ್ತಿ ಗೆಲ್ಲುವುದು ಯಾರಿಗೂ ಸುಲಭವಲ್ಲ. ಆದರೆ ಮುತ್ತಿಗೆ ಹಾಕಿ ಕೂತರೆ ನೀರಿಗೆ ಏನು ಮಾಡುವುದು? ಅದಕ್ಕೆ ಆಂತೋನಿಯೊ ದ ಸಂಗಾಲ್ಲೊ ಅನ್ನುವ ಶಿಲ್ಪಿಯಿಂದ ಈ ಬಾವಿ ತೋಡಿಸಿದ. ಹತ್ತು ವರ್ಷ ಹಿಡಿಯಿತು. ಮುಗಿಯುವ ಹೊತ್ತಿಗೆ ಕ್ಲೆಮೆಂಟ್ ಸತ್ತಿದ್ದ.

ಬಾವಿ 50 ಮೀಟರಿಗೂ ಜಾಸ್ತಿ ಆಳ, 13 ಮೀಟರ್ ಅಗಲ. ಒಳಗೆ ಎರಡು ಸುರುಳಿ ದಾರಿ. ಒಂದರ ಮೇಲೊಂದು ಸುತ್ತಿಕೊಂಡು ಇಳಿಯುತ್ತವೆ, ಎಲ್ಲೂ ಕೂಡುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಒಂದು ದಾರಿಯಲ್ಲಿ ಇಳಿದು, ತಳದ ಚಿಕ್ಕ ಸೇತುವೆ ದಾಟಿ, ಇನ್ನೊಂದು ದಾರಿಯಲ್ಲಿ ಹತ್ತಬೇಕು. ಎದುರಿಗೆ ಬರುವ ಪ್ರಾಣಿಗೆ ಡಿಕ್ಕಿ ಹೊಡೆಯುವ ಮಾತೇ ಇಲ್ಲ. ಹೇಸರಗತ್ತೆಗಳಿಗಾಗಿ ಮಾಡಿದ ಮೆಟ್ಟಿಲು ಅಗಲ, ಎತ್ತರ ಕಡಿಮೆ. ಇವರ ಮಂಡಿಗೂ ಹೇಳಿ ಮಾಡಿಸಿದ ಹಾಗಿತ್ತು. 248 ಮೆಟ್ಟಿಲು. ಬಾವಿಯ ಒಳಮುಖಕ್ಕೆ ಸುತ್ತಲೂ ಕಿಟಕಿಗಳಿವೆ. ಪ್ರತಿ ನಾಲ್ಕೈದು ಕಿಟಕಿಗೊಮ್ಮೆ ನಿಂತೆವು. ಮೇಲೆ ನೋಡಿದರೆ ಆಕಾಶ ಒಂದು ಬಿಲ್ಲೆ. ಇಳಿಯುತ್ತಾ ಇಳಿಯುತ್ತಾ ಬಿಲ್ಲೆ ಚಿಕ್ಕದಾಯಿತು, ಕಲ್ಲಿನ ಮೇಲೆ ಪಾಚಿ ಬಂತು, ಗಾಳಿ ತಂಪಾಯಿತು. ಮೇಲುಗಡೆ ತೂಫೊ ಬಂಡೆಯನ್ನೇ ಕೊರೆದಿದ್ದಾರೆ, ಕೆಳಗೆ ಮೆದು ಜೇಡಿ ಬಂದ ಕಡೆ ಇಟ್ಟಿಗೆ ಕಟ್ಟಿದ್ದಾರೆ. ಅದನ್ನು ನನಗೆ ತೋರಿಸಿದವರು ಇವರೇ. "ನೋಡು, ಇಲ್ಲಿಂದ ನೆಲ ಬೇರೆ." ತಳಕ್ಕೆ ಹೋದಾಗ ಸೇತುವೆ ಮೇಲೆ ನಿಂತು ನೀರು ನೋಡುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಮೊದಲ ಕೆಲಸದ ಕತೆ ಹೇಳಿದರು. ರಾಯಚೂರಿನ ಕಡೆ ಒಂದು ಬಾವಿ ತೋಡಿಸಿ, ನೀರು ಬಂದ ದಿನ ಊರಿನವರು ಕರೆದು ಹೋಳಿಗೆ ಹಾಕಿದ್ದು. 34 ವರ್ಷದಲ್ಲಿ ನಾನು ಆ ಕತೆ ಕೇಳಿರಲಿಲ್ಲ. ಹೇಳುವುದಕ್ಕೆ ಅವರಿಗೆ, ಕೇಳುವುದಕ್ಕೆ ನನಗೆ ಪುರುಸೊತ್ತು ಆದದ್ದು ಆ ಬಾವಿಯ ತಳದಲ್ಲಿ.

ಊರಿನ ಬಂಡೆಯೆಲ್ಲ ಒಳಗೆ ಟೊಳ್ಳು. ಸಾವಿರಕ್ಕೂ ಹೆಚ್ಚು ಗುಹೆಗಳಿವೆ. ಕೆಲವು ಎಣ್ಣೆ ಗಾಣ, ಕೆಲವು ವೈನ್ ಇಡುವ ಜಾಗ. ಇನ್ನು ಕೆಲವದರ ಗೋಡೆ ತುಂಬ ಸಣ್ಣ ಸಣ್ಣ ಗೂಡು ಕೊರೆದಿದ್ದಾರೆ, ಪಾರಿವಾಳ ಸಾಕುವುದಕ್ಕೆ. ಪ್ರಪಾತದ ಕಡೆ ಒಂದು ಕಿಂಡಿ ಇರುತ್ತದೆ. ಹಕ್ಕಿಗಳು ಹೊರಗೆ ಹೋಗಿ ತಾವೇ ಮೇದು ಬರುತ್ತಿದ್ದವು. ಎಟ್ರಸ್ಕನ್ನರು ತೋಡಿದ ಬಾವಿಗಳೂ ಅಲ್ಲೇ ಇವೆ. ಒಬ್ಬ ಮನುಷ್ಯ ಹಿಡಿಯುವಷ್ಟು ಅಗಲ, ಇಳಿಯಲು ಎರಡು ಬದಿಯಲ್ಲೂ ಕಾಲಿಡುವ ಕುಳಿ.

ಅವರ ಊರಿಗೆ ಆಗ ವೆಲ್ಜ್‌ನಾ ಅಂತ ಹೆಸರು. ಕ್ರಿ.ಪೂ. 264ರಲ್ಲಿ ರೋಮನ್ನರು ಅದನ್ನು ಹಾಳುಗೆಡವಿದರು. ಬಂಡೆಯ ಬುಡದಲ್ಲಿ ಅವರ ಗೋರಿಗಳು ಉಳಿದಿವೆ. ಕ್ರೊಚಿಫಿಸ್ಸೊ ದೆಲ್ ತೂಫೊ ಅನ್ನುತ್ತಾರೆ ಆ ಜಾಗಕ್ಕೆ. ಕಲ್ಲಿನ ಚಿಕ್ಕ ಚಿಕ್ಕ ಮನೆಗಳು, ಮಧ್ಯೆ ನೇರ ಬೀದಿಗಳು, ಥೇಟ್ ಒಂದು ಬಡಾವಣೆ. ಪ್ರತಿ ಬಾಗಿಲ ಮೇಲೂ ಬಲದಿಂದ ಎಡಕ್ಕೆ ಹೆಸರು ಕೆತ್ತಿದ್ದಾರೆ. "ಮಿ" ಅಂತ ಶುರುವಾಗುತ್ತದೆ. "ನಾನು" ಅಂತ ಅರ್ಥ. ಗೋರಿಯೇ ಮಾತಾಡುತ್ತಿದೆ. ನಾನು ಇಂಥವರಿಗೆ ಸೇರಿದ್ದು, ಅಂತ.

ಎಟ್ರಸ್ಕನ್ ಹೆಂಗಸಿಗೆ ತನ್ನದೇ ಒಂದು ಹೆಸರು ಇರುತ್ತಿತ್ತು. ಮಗನ ಗೋರಿಯ ಮೇಲೆ ಅಪ್ಪನ ಹೆಸರಿನ ಜೊತೆ ಎಷ್ಟೋ ಸಲ ಅಮ್ಮನ ಹೆಸರೂ ಬರುತ್ತದೆ. ರೋಮಿನಲ್ಲಿ ಹಾಗಿರಲಿಲ್ಲ. ಜೂಲಿಯಸ್ ಮನೆತನದಲ್ಲಿ ಹುಟ್ಟಿದ ಹುಡುಗಿಯರೆಲ್ಲ ಜೂಲಿಯಾ. ಇಬ್ಬರಿದ್ದರೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸುವುದು. ಅಲ್ಲಿ ಹುಲ್ಲಿನ ಮೇಲೆ ಕೂತಾಗ ಮತ್ತೆ ಅಮ್ಮನದೇ ಯೋಚನೆ. ಮದುವೆಯಲ್ಲಿ ಅವಳ ಹೆಸರು ಬದಲಾಗಿತ್ತು. ಹುಟ್ಟಿದಾಗ ಇಟ್ಟ ಹೆಸರು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ, ಸೋದರಮಾವನ ಮನೆಯ ಹಳೇ ಕಾಗದದಲ್ಲಿ. ಆ ಹೆಸರನ್ನು ನಾನು ಅಲ್ಲಿ ಮೆಲ್ಲಗೆ ಒಂದು ಸಲ ಹೇಳಿದೆ. ಇವರು ಕೇಳಿಸಿಕೊಂಡು ತಾವೂ ಒಂದು ಸಲ ಹೇಳಿದರು.

ಓರ್ವಿಯೆತೊದ ದೊಡ್ಡ ಇಗರ್ಜಿಯ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. 1290ರಲ್ಲಿ ಕಟ್ಟಲು ಶುರು ಮಾಡಿದರು, ಮುಗಿಯಲು ಶತಮಾನಗಳೇ ಹಿಡಿದವು. ಸಂಜೆ ಬಿಸಿಲು ಎದುರಿನಿಂದ ಬಿದ್ದಾಗ ಮುಂಭಾಗದ ಮೊಸಾಯಿಕ್ಕೆಲ್ಲ ಬಂಗಾರವಾಗುತ್ತದೆ. ನಾವು ಎಂಟು ಸಂಜೆಯೂ ಎದುರಿನ ಕಲ್ಲು ಬೆಂಚಿನಲ್ಲಿ ಕೂತೆವು. ಆದರೆ ನಾನು ಹತ್ತಿರ ಹೋಗಿ ಹೋಗಿ ನೋಡುತ್ತಿದ್ದದ್ದು ಕೆಳಗಿನ ಕಂಬಗಳ ಉಬ್ಬುಕೆತ್ತನೆ. ಲೊರೆಂಜೊ ಮೈತಾನಿ ಮತ್ತು ಅವನ ಜೊತೆಯವರು ಮಾಡಿದ್ದು. ಎಡಗಡೆಯ ಕಂಬದಲ್ಲಿ ಆದಾಮ ಮಲಗಿದ್ದಾನೆ, ದೇವರು ಅವನ ಪಕ್ಕೆಯಿಂದ ಮೂಳೆ ತೆಗೆಯುತ್ತಿದ್ದಾನೆ. ಆಮೇಲೆ ಹಣ್ಣು, ಆಮೇಲೆ ಗಡೀಪಾರು. ಎಲ್ಲರಿಗೂ ಗೊತ್ತಿರುವ ಕತೆ. ಅದರ ಮುಂದಿನ ಚಿತ್ರ ನನಗೆ ಇಷ್ಟ. ಆದಾಮ ನೆಲ ಅಗೆಯುತ್ತಿದ್ದಾನೆ, ಹವ್ವ ನೂಲು ತೆಗೆಯುತ್ತಿದ್ದಾಳೆ. ಶಾಪ ಹೊತ್ತು ಬಂದವರು ಸಂಸಾರ ಶುರು ಮಾಡಿದ್ದಾರೆ.

ಅಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿಗಳು ಬಾಗಿಲು ಹಾಕುತ್ತವೆ. ನಾಲ್ಕರವರೆಗೆ ಬೀದಿ ಖಾಲಿ. ಮೊದಲ ದಿನ ಕಿಟಕಿಯಿಂದ ತಟ್ಟೆ, ಚಮಚದ ಸದ್ದು ಮಾತ್ರ ಕೇಳುತ್ತಿತ್ತು. ಊರಿಗೆ ಊರೇ ಊಟಕ್ಕೆ ಕೂತಿತ್ತು. ಗುರುವಾರ ಮತ್ತು ಶನಿವಾರ ಪಿಯಾತ್ಸಾ ದೆಲ್ ಪೋಪೊಲೊದಲ್ಲಿ ಸಂತೆ. ಅಲ್ಲಿಂದ ಟೊಮೆಟೊ, ಬೀನ್ಸು, ಕಡಲೆ ತಂದು ನಾನು ಮನೆಯಿಂದ ಒಯ್ದ ಸಾರಿನ ಪುಡಿ ಹಾಕಿ ಸಾರು ಮಾಡಿದೆ. ಇವರ ತಟ್ಟೆಗೆ ಅನ್ನ ಹಾಕಿ, ಸಾರು ಬಡಿಸಿ, ಸೌಟು ಹಿಡಿದು ನಿಂತೆ. ಇವರು ಊಟ ಶುರು ಮಾಡಲಿಲ್ಲ.

"ನೀನೂ ಕೂತ್ಕೋ."

"ನೀವು ಮುಗಿಸಿ. ಬಿಸಿ ಆರತ್ತೆ."

"ಮ್ಯೂಸಿಯಮ್ಮಿನಲ್ಲಿ ಅವಳು ಎದ್ದು ಹೋಗಿದ್ಲಾ?"

ನಾನು ಕೂತೆ. ಇವರೇ ಎದ್ದು ನನ್ನ ತಟ್ಟೆ ತಂದು, ಬಡಿಸಿದರು. ಸಾರು ಒಲೆಯಿಂದ ಇಳಿಸಿದ ಬಿಸಿಯಲ್ಲೇ ಇತ್ತು. ನಾನು ಮಾಡಿದ ಸಾರನ್ನು ನಾನು ಅಷ್ಟು ಬಿಸಿಯಾಗಿ ಉಂಡದ್ದು ಯಾವಾಗ ಅಂತ ಯೋಚಿಸಿದರೆ ನೆನಪಾಗಲಿಲ್ಲ. ಕಣ್ಣು ತುಂಬಿತು. ಇವರು ನೋಡಿದರು, ಏನೂ ಕೇಳಲಿಲ್ಲ. ಉಪ್ಪಿನಕಾಯಿ ಡಬ್ಬಿ ನನ್ನ ಕಡೆ ಸರಿಸಿದರು.

ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಓರ್ವಿಯೆತೊ ಇರುವ ಉಂಬ್ರಿಯಾ ಸೀಮೆಯಲ್ಲೂ ಹಾಗೇ, ತೊಸ್ಕಾನಾದಲ್ಲೂ ಹಾಗೇ. 1540ರಲ್ಲಿ ಪೋಪ್ ಮೂರನೇ ಪೌಲ್ ಉಪ್ಪಿನ ತೆರಿಗೆ ಏರಿಸಿದಾಗ ಪೆರೂಜಾದ ಜನ ತಿರುಗಿಬಿದ್ದರು. ಆ ಹಟಕ್ಕೆ ಉಪ್ಪು ಬಿಟ್ಟವರು ಮತ್ತೆ ಹಾಕಲೇ ಇಲ್ಲ ಅಂತ ಕತೆ ಹೇಳುತ್ತಾರೆ. ಉಪ್ಪಿಗಿಂತ ರುಚಿಯಿಲ್ಲ ಅಂತ ಬೆಳೆದ ನಮಗೆ ಮೊದಲು ಸಪ್ಪೆ ಅನ್ನಿಸಿತು. ನಾಲ್ಕು ದಿನ ಕಳೆದ ಮೇಲೆ ಆಲಿವ್ ಎಣ್ಣೆಯ ಖಾರ, ಗೋಧಿಯ ಸಿಹಿ ನಾಲಿಗೆಗೆ ಬೇರೆ ಬೇರೆಯಾಗಿ ಸಿಗತೊಡಗಿತು.

ಓರ್ವಿಯೆತೊದಿಂದ ಬಸ್ಸಿನಲ್ಲಿ ಬಾನ್ಯೊರೆಜ್ಜೊಗೆ ಹೋಗಿ, ಅಲ್ಲಿಂದ ಚಿವಿತಾಕ್ಕೆ ನಡೆದೆವು. ಸಾಯುತ್ತಿರುವ ಊರು ಅಂತ ಅದಕ್ಕೆ ಹೆಸರು. ಕೆಳಗೆ ಮೆದು ಜೇಡಿಮಣ್ಣು, ಮೇಲೆ ತೂಫೊ. ಮಳೆ ನೀರು ಜೇಡಿಯನ್ನು ಕೊರೆದ ಹಾಗೆ ಮೇಲಿನ ಬಂಡೆ ಅಂಚಿನಿಂದ ಮುರಿದು ಬೀಳುತ್ತದೆ. 1695ರ ಭೂಕಂಪದ ನಂತರ ಜನ ಬಿಟ್ಟು ಹೋಗುತ್ತಾ ಬಂದರು. ಈಗ ವರ್ಷಪೂರ್ತಿ ಅಲ್ಲೇ ಇರುವವರು ಬೆರಳೆಣಿಕೆಯಷ್ಟು. ಊರಿಗೆ ಇರುವುದು ಒಂದೇ ದಾರಿ, 1965ರಲ್ಲಿ ಕಟ್ಟಿದ ಕಾಲುಸೇತುವೆ. 2013ರಿಂದ ಒಳಗೆ ಹೋಗಲು ಟಿಕೆಟ್ಟು. ಸೇತುವೆಯ ಕೊನೆ ಬಹಳ ಕಡಿದು. ನಾವು ಏಳು ಕಡೆ ನಿಂತೆವು.

ಒಂದು ಮನೆಯ ಮುಂಭಾಗ ಮಾತ್ರ ಇದೆ. ಕಿಟಕಿ ಇದೆ, ಕಿಟಕಿಯ ಆಚೆ ಆಕಾಶ. ಹಿಂದಿನ ಮನೆ ಕಣಿವೆಗೆ ಹೋಗಿದೆ. "ಇದನ್ನ ಪೂರ್ತಿ ನಿಲ್ಲಿಸೋಕಾಗಲ್ಲ. ನಿಧಾನ ಮಾಡಬಹುದು ಅಷ್ಟೇ" ಅಂದರು ಇವರು, ಮಣ್ಣು ಮುಟ್ಟಿ ನೋಡಿ. ಆದರೆ ಪಕ್ಕದ ಮೆಟ್ಟಿಲ ಮೇಲೆ ಯಾರೋ ಕೆಂಪು ಜೆರೇನಿಯಂ ಕುಂಡಗಳಿಗೆ ನೀರು ಹಾಕಿ ಹೋಗಿದ್ದರು. ಕಲ್ಲು ಇನ್ನೂ ಒದ್ದೆ ಇತ್ತು. ಆ ಒದ್ದೆ ಕಲ್ಲನ್ನು ನೋಡಿದ ಮೇಲೆ ನನಗೆ ಸಾಯುತ್ತಿರುವ ಊರು ಅನ್ನುವ ಮಾತು ಹಿಡಿಸಲಿಲ್ಲ.

ವೊಲ್ತೆರ್ರಾ ಗಾಳಿಯ ಊರು. 500 ಮೀಟರಿಗೂ ಎತ್ತರದಲ್ಲಿದೆ. ಎಟ್ರಸ್ಕನ್ನರ ಕೋಟೆಬಾಗಿಲೊಂದು ಇನ್ನೂ ನಿಂತಿದೆ, ಪೊರ್ತಾ ಆಲ್ಲಾರ್ಕೊ. ಕಮಾನಿನ ಮೇಲೆ ಮೂರು ಕಲ್ಲಿನ ತಲೆಗಳು, ಮಳೆಗಾಳಿಗೆ ಕಣ್ಣು ಮೂಗು ಸವೆದಿವೆ. 1944ರಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಆ ಬಾಗಿಲನ್ನು ಸ್ಫೋಟಿಸಲು ಹೊರಟಿತ್ತು. ಊರಿನವರು ಬೇಡಿಕೊಂಡರು. ಬಾಗಿಲನ್ನು ತಾವೇ ಮುಚ್ಚಿಬಿಡುವುದಾಗಿ ಹೇಳಿ, ಬೀದಿಗೆ ಹಾಸಿದ್ದ ಕಲ್ಲುಗಳನ್ನು ಕಿತ್ತು ತಂದು, ಒಂದೇ ದಿನದಲ್ಲಿ ಕಮಾನು ತುಂಬಿದರು. ಬಾಗಿಲು ಉಳಿಯಿತು. ಆ ಬೀದಿಯಲ್ಲಿ ನಡೆಯುವಾಗ ಕಾಲಡಿಯ ಪ್ರತಿ ಕಲ್ಲೂ ಒಂದು ಸಲ ಯಾರದೋ ಕೈಗೆ ಬಂದಿತ್ತು ಅನ್ನಿಸುತ್ತಿತ್ತು.

ಗೋಡೆಯ ಆಚೆ, ಕೆಳಗೆ, ರೋಮನ್ ಕಾಲದ ರಂಗಮಂದಿರ. ಊರಿನವರು ಎಷ್ಟೋ ಕಾಲ ಕಸ ಸುರಿಯುತ್ತಿದ್ದ ಜಾಗ ಅದು. 1950ರ ದಶಕದಲ್ಲಿ ಎನ್ರಿಕೊ ಫಿಯೂಮಿ ಅನ್ನುವವರು ಅಗೆಯಲು ಹೊರಟರು. ಜೊತೆಗೆ ಕೆಲಸಕ್ಕೆ ಬಂದವರು ಊರಿನ ಮಾನಸಿಕ ಆಸ್ಪತ್ರೆಯ ರೋಗಿಗಳು. ಆಗ ಆ ಆಸ್ಪತ್ರೆಗೆ ಹೋದವರಲ್ಲಿ ಹೊರಗೆ ಬಂದವರು ಕಡಿಮೆ. 1978ರ ಕಾನೂನು ಬಂದ ಮೇಲೆ ಇಟಲಿಯಲ್ಲಿ ಅಂಥ ಆಸ್ಪತ್ರೆಗಳನ್ನು ಮುಚ್ಚುತ್ತಾ ಬಂದರು. ಮನೆಯವರೂ ಮರೆತ ಆ ಜನ ಮಣ್ಣು ಕಸ ಎಲ್ಲ ತೆಗೆದು, ಅರ್ಧಚಂದ್ರದ ಹಾಗೆ ಮೆಟ್ಟಿಲು ಮೆಟ್ಟಿಲಾದ ಆ ಸೀಟುಗಳನ್ನು, ಬಿಳಿ ಕಂಬಗಳನ್ನು ಬೆಳಕಿಗೆ ತಂದರು. ನಾನು ಮೇಲಿನ ಗೋಡೆಗೆ ಒರಗಿ ಬಹಳ ಹೊತ್ತು ನಿಂತಿದ್ದೆ. ಮೊದಲ ಕಂಬದ ತುದಿ ಗುದ್ದಲಿಗೆ ತಾಗಿದಾಗ ಅದನ್ನು ಯಾರು ಕಂಡರೋ, ಆ ದಿನ ಅವರು ಯಾರಿಗೆ ಹೇಳಿಕೊಂಡರೋ.

ಊರಿನ ಗ್ವಾರ್ನಾಚ್ಚಿ ಮ್ಯೂಸಿಯಂ ಬಹಳ ಹಳೇದು. 1761ರಲ್ಲಿ ಮಾರಿಯೊ ಗ್ವಾರ್ನಾಚ್ಚಿ ತನ್ನ ಸಂಗ್ರಹವನ್ನು ಊರಿನ ಜನರಿಗೇ ಕೊಟ್ಟದ್ದು. ಚಿತಾಭಸ್ಮದ ಪೆಟ್ಟಿಗೆಗಳೇ 600ಕ್ಕೂ ಹೆಚ್ಚು. ಸಂಜೆಯ ನೆರಳು ಅಂತ ಕರೆಯುವ ಕಂಚಿನ ಹುಡುಗ ಅಲ್ಲಿದ್ದಾನೆ, ಕಡ್ಡಿಯ ಹಾಗೆ ಉದ್ದಕ್ಕೆ. ಎಲ್ಲರೂ ಅವನ ಮುಂದೆ ಫೋಟೊ ತೆಗೆಯುತ್ತಾರೆ. ನಾನು ಹುಡುಕಿಕೊಂಡು ಹೋದದ್ದು ಒಂದು ಪೆಟ್ಟಿಗೆಯ ಮಣ್ಣಿನ ಮುಚ್ಚಳವನ್ನು. ದಂಪತಿಯ ಪೆಟ್ಟಿಗೆ ಅನ್ನುತ್ತಾರೆ ಅದಕ್ಕೆ.

ಈ ದಂಪತಿಯೂ ಒರಗಿದ್ದಾರೆ. ಆದರೆ ವಿಲ್ಲಾ ಜೂಲಿಯಾದವರಿಗಿಂತ ನಾಲ್ಕೈದು ಶತಮಾನ ಈಚಿನವರು. ವಯಸ್ಸಾಗಿದೆ. ಹಣೆ ತುಂಬ ಗೆರೆ, ಕೆನ್ನೆ ಇಳಿದಿದೆ, ಬಾಯಿಯ ಅಂಚು ಜೋತಿದೆ. ಮಾಡಿದವನು ಏನನ್ನೂ ಮುಚ್ಚಿಲ್ಲ. ಗಂಡ ಎದುರಿಗೆ ಎಲ್ಲೋ ನೋಡುತ್ತಿದ್ದಾನೆ. ಹೆಂಡತಿ ಮೈ ತಿರುಗಿಸಿ ಅವನ ಮುಖವನ್ನೇ ನೋಡುತ್ತಿದ್ದಾಳೆ, ಬಹಳ ಹತ್ತಿರದಿಂದ. ಔಷಧಿ ತಗೊಂಡ್ರಾ ಅಂತ ಕೇಳುವವಳ ಥರ. ಆ ನೋಟ ನನಗೆ ಗೊತ್ತು.

ಅವರು ಬದುಕಿದ್ದ ಹೊತ್ತಿಗೆ ಅವರ ಭಾಷೆ ಊರಿನಿಂದ ಹೋಗುತ್ತಾ ಇತ್ತು. ಮೊಮ್ಮಕ್ಕಳು ಲ್ಯಾಟಿನ್ ಮಾತಾಡಿರಬೇಕು. ಆದರೂ ಇಬ್ಬರೂ ಹಳೇ ಕಾಲದವರ ಹಾಗೇ ಒಂದೇ ಮಂಚದಲ್ಲಿ ಊಟಕ್ಕೆ ಒರಗಿದ್ದಾರೆ.

ಊರಿಗೆ ಹೊರಡುವ ಹಿಂದಿನ ದಿನ ರೋಮಿನಲ್ಲಿ ಒಂದು ಮಧ್ಯಾಹ್ನ ಖಾಲಿ ಉಳಿಯಿತು. ನೋಡದೇ ಬಿಟ್ಟ ಜಾಗಗಳು ಬೇಕಾದಷ್ಟಿದ್ದವು. ಎಲ್ಲಿಗೆ ಹೋಗೋಣ ಅಂತ ಕೇಳಿದೆ. "ಅವರನ್ನ ಇನ್ನೊಂದು ಸಲ ನೋಡ್ಕೊಂಡು ಹೋಗೋಣ" ಅಂದರು.

ವಿಲ್ಲಾ ಜೂಲಿಯಾದಲ್ಲಿ ಅವತ್ತು ಜನ ಇರಲಿಲ್ಲ. ಈ ಸಲ ಇವರು ಬೆಂಚಿನಲ್ಲಿ ಕೂರಲಿಲ್ಲ. ಜೋಡಿಯ ಮುಂದೆ ನಿಂತು ಅವಳ ಕೈಯನ್ನೇ ನೋಡಿದರು. ಎಡಕ್ಕೆ ಹೋಗಿ ನೋಡಿದರು, ಬಲಕ್ಕೆ ಬಂದು ನೋಡಿದರು. ಮುರಿದ ಪೈಪಿನ ಮುಂದೆ ನಿಂತಾಗ ಇವರ ಮುಖ ಹೀಗೇ ಇರುತ್ತದೆ.

"ಅತ್ತರೂ ಅಲ್ಲ, ದಾಳಿಂಬೆನೂ ಅಲ್ಲ" ಅಂದರು ಕೊನೆಗೆ.

"ಮತ್ತೇನು?"

"ನಿಮ್ಮಮ್ಮನ ಕೈ ನೆನಪು ಮಾಡ್ಕೋ. ಎಲೆಗೆ ಸುಣ್ಣ ಹಚ್ಚುವಾಗ."

ನಾನು ನೋಡಿದೆ. ಒಂದು ಕೈ ಕೆಳಗೆ, ಒಂದು ಕೈ ಮೇಲೆ. ಹೆಬ್ಬೆರಳು ಹಾಗೇ ಬಾಗಿದೆ.

"ಅವನ ಅಂಗೈ ನೋಡು" ಅಂದರು ಇವರು. "ಕಾಯ್ತಾ ಇದ್ದಾನೆ."